ಮನೆ ಕೊಳ್ಳುವಾಗ ವಕೀಲರು ಬೇಕಾ? ಹಕ್ಕಿಗೆ ಹೊಣೆ ಯಾರು ಅಂತ ಮೊದಲು ಕೇಳಿ

ಮನೆ ನೋಡಿ ಆಯ್ತು, ದರ ಮಾತಾಡಿ ಆಯ್ತು, ಬ್ಯಾಂಕಿನವರು ಸಾಲಕ್ಕೆ ಹೂಂ ಅಂದದ್ದೂ ಆಯ್ತು. ಆಗ ಯಾರೋ ಒಬ್ಬರು ಕೇಳುತ್ತಾರೆ, "ಲಾಯರ್ ಹತ್ರ ಪತ್ರ ತೋರಿಸಿದ್ರಾ?"

ಈ ಪ್ರಶ್ನೆಗೆ ಯಾರನ್ನು ಕೇಳುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರು ಲಾಯರ್ ಮುಖವನ್ನೇ ನೋಡಲಿಲ್ಲ ಅನ್ನುತ್ತಾರೆ. ಲಂಡನ್ನಿನಲ್ಲಿ ಕೊಂಡವರು, ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲರು) ಇಲ್ಲದೆ ಒಂದು ಹೆಜ್ಜೆನೂ ಮುಂದೆ ಹೋಗಲಿಲ್ಲ ಅನ್ನುತ್ತಾರೆ. ಜರ್ಮನಿಯಲ್ಲಿ ಕೊಂಡವರನ್ನು ಕೇಳಿದರೆ, ಸರ್ಕಾರ ನೇಮಿಸಿದ ಒಬ್ಬರು ಇಡೀ ಕರಾರನ್ನು ಗಟ್ಟಿಯಾಗಿ ಓದಿ ಹೇಳಿದರು, ನಾವು ಕೂತು ಕೇಳಿಸಿಕೊಂಡೆವು ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೊಂದು ದೇಶದಲ್ಲಿ ಆಸ್ತಿಯ ಲೆಕ್ಕ ಇಡುವ ಪದ್ಧತಿಯೇ ಬೇರೆ. ಅದು ಅರ್ಥವಾದರೆ ವಕೀಲರು ಎಲ್ಲಿ ಬೇಕು, ಯಾಕೆ ಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ನಾವು ದುಡ್ಡು ಕೊಡೋದು ಯಾವುದಕ್ಕೆ?

ಗೋಡೆ, ಚಾವಣಿ, ನೆಲ ಇವೆಲ್ಲ ಕಣ್ಣಿಗೆ ಕಾಣುವ ಭಾಗ. ಆದರೆ ದುಡ್ಡು ಹೋಗೋದು ಕಾಣದ ಒಂದು ವಸ್ತುವಿಗೆ, ಅದು ಹಕ್ಕು. ವ್ಯವಹಾರದ ಭಾಷೆಯಲ್ಲಿ ಟೈಟಲ್ ಅನ್ನುತ್ತಾರೆ. "ಈ ಜಾಗ ನನ್ನದು, ಬೇರೆ ಯಾರೂ ಬಂದು ಕೇಳುವ ಹಾಗಿಲ್ಲ" ಎಂದು ಕೋರ್ಟಿನಲ್ಲೂ ನಿಲ್ಲುವ ಹಾಗೆ ಹೇಳಲು ಆಗಬೇಕು. ಅದೇ ಟೈಟಲ್.

ಇಲ್ಲಿ ಒಂದು ಹಳೆಯ ನಿಯಮ ಇದೆ. ಹೆಚ್ಚು ಕಡಿಮೆ ಎಲ್ಲ ದೇಶದ ಕಾನೂನಿನಲ್ಲೂ ಯಾವುದಾದರೂ ರೂಪದಲ್ಲಿ ಸಿಗುತ್ತದೆ: ಮಾರುವವರ ಹತ್ತಿರ ಎಷ್ಟು ಹಕ್ಕಿದೆಯೋ ಅಷ್ಟೇ ನಿಮಗೆ ಬರುತ್ತದೆ, ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಅವರಿಗೆ ಅರ್ಧ ಪಾಲು ಮಾತ್ರ ಇದ್ದರೆ ನಿಮಗೂ ಅರ್ಧವೇ, ಪೂರ್ತಿ ಮನೆಯ ದುಡ್ಡು ಕೊಟ್ಟಿದ್ದರೂ ಸಹ. ಅವರು ಅದರ ಮೇಲೆ ಸಾಲ ಮಾಡಿದ್ದರೆ ಆ ಸಾಲದ ಹಿಡಿತ ಮನೆಯ ಜೊತೆಗೇ ನಿಮ್ಮ ಹೆಗಲಿಗೆ ಬರುತ್ತದೆ.

ಹಾಗಾಗಿ ಎಲ್ಲಿಯೇ ಮನೆ ಕೊಂಡರೂ ಮೂರು ಕೆಲಸ ಯಾರಾದರೂ ಮಾಡಲೇಬೇಕು. ಮಾರುವವರಿಗೆ ನಿಜವಾಗಿ ಹಕ್ಕಿದೆಯಾ ಅಂತ ನೋಡಬೇಕು. ಷರತ್ತುಗಳನ್ನು ಬರೆಯಬೇಕು. ಆಮೇಲೆ ದುಡ್ಡು ಆ ಕಡೆ, ಹಕ್ಕು ಈ ಕಡೆ ಒಂದೇ ಹೊತ್ತಿಗೆ ಕೈ ಬದಲಾಗುವ ಹಾಗೆ ನೋಡಿಕೊಳ್ಳಬೇಕು. ಈ ಮೂರನ್ನೂ ವಕೀಲರೇ ಮಾಡಬೇಕು ಅಂತೇನೂ ಇಲ್ಲ. ಯಾರು ಮಾಡುತ್ತಾರೆ, ತಪ್ಪಾದರೆ ಯಾರು ತುಂಬಿಕೊಡುತ್ತಾರೆ ಅನ್ನೋದೇ ನೋಡಬೇಕಾದ ವಿಷಯ.

ದಫ್ತರದಲ್ಲಿ ಇರೋದು ಪತ್ರವೋ ಹಕ್ಕೋ

ಸರ್ಕಾರಗಳು ಆಸ್ತಿಯ ದಾಖಲೆ ಇಡುವ ಮುಖ್ಯ ಪದ್ಧತಿಗಳು ಎರಡು.

ಮೊದಲನೆಯದು ಪತ್ರ ನೋಂದಣಿ. ಭಾರತದಲ್ಲಿ ಇರುವುದು ಇದೇ, ಅಮೆರಿಕದ ಬಹುಪಾಲು ಕಡೆಯೂ ಇದೇ. ಇಲ್ಲಿ ಕಚೇರಿ ಮಾಡುವುದು ಇಷ್ಟೇ: ಇಂಥವರು ಇಂಥವರಿಗೆ ಇಂಥ ದಿನ ಈ ಪತ್ರ ಬರೆದುಕೊಟ್ಟರು ಎಂದು ದಾಖಲು ಮಾಡಿಕೊಳ್ಳುವುದು. ಅಂಚೆ ಕಚೇರಿಯಲ್ಲಿ ಲಕೋಟೆ ರಿಜಿಸ್ಟರ್ ಮಾಡಿಸಿದರೆ ಮುದ್ರೆ ಹೊಡೆದು ರಸೀದಿ ಕೊಡುತ್ತಾರೆ, ಒಳಗಿನ ಕಾಗದದಲ್ಲಿ ಬರೆದದ್ದು ನಿಜವಾ ಅಂತ ಬಿಚ್ಚಿ ನೋಡುವುದಿಲ್ಲವಲ್ಲ, ಹಾಗೆ. ಬರೆದುಕೊಟ್ಟವರಿಗೆ ಹಕ್ಕೇ ಇರಲಿಲ್ಲ ಅಂತಾದರೆ ನೋಂದಣಿಯ ಮುದ್ರೆ ನಿಮ್ಮನ್ನು ಕಾಪಾಡುವುದಿಲ್ಲ.

ಎರಡನೆಯದು ಹಕ್ಕಿನ ನೋಂದಣಿ. ಇದರಲ್ಲಿ ದಫ್ತರದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಸರ್ಕಾರವೇ ಅದಕ್ಕೆ ಹೊಣೆ. ಇದರ ಅತಿ ಪ್ರಸಿದ್ಧ ರೂಪ ಬಂದಿದ್ದು ದಕ್ಷಿಣ ಆಸ್ಟ್ರೇಲಿಯಾದಿಂದ, 1858ರಲ್ಲಿ. ಅದರ ಹಿಂದಿದ್ದವರು ರಾಬರ್ಟ್ ಟಾರೆನ್ಸ್. ಸ್ವಾರಸ್ಯ ಅಂದರೆ ಅವರು ವಕೀಲರಲ್ಲ, ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದವರು. ಹಡಗುಗಳ ಮಾಲೀಕತ್ವವನ್ನು ಒಂದು ರಿಜಿಸ್ಟರ್‌ನಲ್ಲಿ ಅಚ್ಚುಕಟ್ಟಾಗಿ ಬರೆದಿಡುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಜಮೀನಿಗೂ ಹಾಗೇ ಮಾಡಿದರೆ ಆಯ್ತಲ್ಲ ಎಂದು ಕೇಳಿದರು. ಆಗಿನ ವಕೀಲರಲ್ಲಿ ಬಹಳ ಮಂದಿ ವಿರೋಧಿಸಿದರು. ಹಳೆಯ ಪತ್ರಗಳ ಸರಪಳಿ ಬಿಚ್ಚಿ ಓದುವುದೇ ಅವರ ದೊಡ್ಡ ಆದಾಯವಾಗಿತ್ತು, ಇನ್ನೇನು ಮಾಡುತ್ತಾರೆ. ಆದರೂ ಕಾಯ್ದೆ ಬಂತು. ಆಮೇಲೆ ನ್ಯೂಜಿಲೆಂಡ್, ಮಲೇಷ್ಯಾ, ಸಿಂಗಪುರದಂಥ ಕಡೆಗೂ ಹರಡಿತು.

ಟಾರೆನ್ಸ್ ಪದ್ಧತಿಯಲ್ಲಿ ಹಿಂದಿನ ಮೂವತ್ತು ನಲವತ್ತು ವರ್ಷದ ಪತ್ರಗಳನ್ನು ಕೆದಕಬೇಕಾಗಿಲ್ಲ. ಇವತ್ತಿನ ರಿಜಿಸ್ಟರ್ ಒಂದನ್ನು ನೋಡಿದರೆ ಬಹಳಷ್ಟು ಮುಗಿಯಿತು. ಮೋಸದಿಂದ ಅಥವಾ ಕಚೇರಿಯ ತಪ್ಪಿನಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಲು ಹಲವು ಕಡೆ ನಿಧಿಯೂ ಇರುತ್ತದೆ. ಹೀಗಿರುವಲ್ಲಿ ವಕೀಲರ ಕೆಲಸ ಹಗುರ.

ಅಮೆರಿಕದವರು ವಿಮೆ ಮಾಡಿಸುತ್ತಾರೆ

ಅಮೆರಿಕದ ದಾರಿಯೇ ಬೇರೆ. 1868ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟಿನಲ್ಲಿ ವಾಟ್ಸನ್ ಮತ್ತು ಮ್ಯೂರ್‌ಹೆಡ್ ಎಂಬುವರ ಪ್ರಕರಣ ತೀರ್ಮಾನವಾಯಿತು. ವಾಟ್ಸನ್ ಆಸ್ತಿ ಕೊಂಡವರು. ಮ್ಯೂರ್‌ಹೆಡ್ ಪತ್ರ ಪರಿಶೀಲಿಸಿಕೊಟ್ಟವರು. ಕೋರ್ಟಿನ ತೀರ್ಪಿನಂತೆ ತೀರಿಸಬೇಕಾದ ಒಂದು ಬಾಕಿ ಇದ್ದದ್ದು ಮ್ಯೂರ್‌ಹೆಡ್ ಕಣ್ಣಿಗೆ ಬಿದ್ದಿತ್ತು, ಆದರೆ ಅದು ಆಸ್ತಿಗೆ ಅಂಟುವುದಿಲ್ಲ ಎಂದು ಒಬ್ಬ ವಕೀಲರು ಅಭಿಪ್ರಾಯ ಕೊಟ್ಟಿದ್ದರಿಂದ ಪತ್ರ ಸರಿಯಿದೆ ಎಂದುಬಿಟ್ಟರು. ಆಮೇಲೆ ನೋಡಿದರೆ ಅಂಟಿತ್ತು. ವಾಟ್ಸನ್ ನಷ್ಟ ಕೇಳಿ ಕೋರ್ಟಿಗೆ ಹೋದರು. ವಕೀಲರ ಸಲಹೆಯನ್ನು ನಂಬಿ ನಡೆದದ್ದು ನಿರ್ಲಕ್ಷ್ಯವಲ್ಲ ಎಂದು ಕೋರ್ಟು ಹೇಳಿತು. ಯಾರೂ ಬೇಕೆಂದು ತಪ್ಪು ಮಾಡಿರಲಿಲ್ಲ, ಹಾಗಾಗಿ ಯಾರೂ ಹೊಣೆಯಲ್ಲ. ದುಡ್ಡು ಹೋದದ್ದು ಮಾತ್ರ ಕೊಂಡವರದು.

ಈ ಪೆಟ್ಟಿನ ಫಲವಾಗಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಟೈಟಲ್ ಇನ್ಶೂರೆನ್ಸ್ ಕಂಪನಿ ಶುರುವಾಯಿತು. ಇದು ನಮಗೆ ಗೊತ್ತಿರುವ ವಿಮೆಗಿಂತ ತಿರುವುಮುರುವು. ವಾಹನ ವಿಮೆ ಮುಂದೆ ಆಗಬಹುದಾದ ಅಪಘಾತಕ್ಕೆ, ಟೈಟಲ್ ವಿಮೆ ಹಿಂದೆ ಆಗಿಹೋದ ಎಡವಟ್ಟಿಗೆ. ಪ್ರೀಮಿಯಂ ಒಂದೇ ಸಲ. ನಿಮ್ಮ ಹಕ್ಕನ್ನು ಯಾರಾದರೂ ಪ್ರಶ್ನಿಸಿದರೆ ಕಂಪನಿ ಕೋರ್ಟಿನಲ್ಲಿ ವಾದ ಮಾಡುತ್ತದೆ, ಸೋತರೆ ಪಾಲಿಸಿಯ ಮಿತಿಯೊಳಗೆ ನಷ್ಟ ತುಂಬುತ್ತದೆ. ದುಡ್ಡು ತಾನೇ ಕೊಡಬೇಕಾಗುವುದರಿಂದ ಮೊದಲೇ ದಾಖಲೆಗಳನ್ನು ಜಾಲಾಡುತ್ತದೆ. ಕ್ಯಾಲಿಫೋರ್ನಿಯಾದಂಥ ಕಡೆ ವಕೀಲರಿಲ್ಲದೆ ಮನೆ ಕೊಳ್ಳುವುದು ಮಾಮೂಲಿಯಾಗಿರೋದು ಇದರಿಂದಲೇ. ಟೈಟಲ್ ಕಂಪನಿ ಪತ್ರ ನೋಡುತ್ತದೆ, ಎಸ್ಕ್ರೋ ಎಂಬ ಮಧ್ಯಸ್ಥ ಸಂಸ್ಥೆ ದುಡ್ಡು ಹಿಡಿದಿಟ್ಟುಕೊಂಡು ಎಲ್ಲ ಷರತ್ತು ಮುಗಿದ ಮೇಲೆ ಬಿಡುತ್ತದೆ.

ಅಲ್ಲೂ ಎಲ್ಲ ರಾಜ್ಯ ಒಂದೇ ಥರ ಇಲ್ಲ. ಸೌತ್ ಕೆರೊಲಿನಾ, ಜಾರ್ಜಿಯಾ, ಮ್ಯಾಸಚೂಸೆಟ್ಸ್‌ನಲ್ಲಿ ವ್ಯವಹಾರ ಮುಗಿಸುವ ಹಂತದಲ್ಲಿ ವಕೀಲರು ಇರಲೇಬೇಕು. ನ್ಯೂಜೆರ್ಸಿಯಲ್ಲಿ ಬ್ರೋಕರ್ ಬರೆದುಕೊಟ್ಟ ಕರಾರಿಗೆ ಸಹಿ ಹಾಕಿದ ಮೇಲೂ 3 ಕೆಲಸದ ದಿನ ಸಿಗುತ್ತದೆ, ಅಷ್ಟರಲ್ಲಿ ನಿಮ್ಮ ವಕೀಲರು ಓದಿ ಬೇಡ ಅಂದರೆ ಕರಾರು ಬಿದ್ದುಹೋಗುತ್ತದೆ. ಅಯೋವಾದಲ್ಲಿ ಖಾಸಗಿ ಟೈಟಲ್ ವಿಮೆ ಮಾರುವಂತೆಯೇ ಇಲ್ಲ, ವಕೀಲರು ದಾಖಲೆ ಓದಿ ಕೊಡುವ ಅಭಿಪ್ರಾಯವೇ ಆಧಾರ.

ಅಮೆರಿಕದಲ್ಲಿ ಕೊಳ್ಳುವವರು ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಟೈಟಲ್ ಪಾಲಿಸಿಯಲ್ಲಿ ಎರಡು ಬಗೆ: ಒಂದು ಸಾಲ ಕೊಟ್ಟ ಬ್ಯಾಂಕಿಗೆ, ಇನ್ನೊಂದು ಮಾಲೀಕರಿಗೆ. ಬ್ಯಾಂಕ್ ತನ್ನದನ್ನು ಕಡ್ಡಾಯ ಮಾಡಿ ನಿಮ್ಮ ಕೈಯಿಂದಲೇ ದುಡ್ಡು ಕಟ್ಟಿಸಬಹುದು, ಆದರೆ ಅದು ಕಾಪಾಡುವುದು ಬ್ಯಾಂಕಿನ ಸಾಲವನ್ನು ಮಾತ್ರ. ನಿಮ್ಮ ಹೆಸರಿನದು ಬೇರೆಯೇ ತೆಗೆದುಕೊಳ್ಳಬೇಕು.

ಯಾರ ಕಡೆಯೂ ಅಲ್ಲದ ನೋಟರಿ

ಫ್ರಾನ್ಸ್, ಜರ್ಮನಿ, ಸ್ಪೇನ್ ಮುಂತಾದ ಕಡೆ ಮನೆ ಮಾರಾಟದ ನಡುವೆ ಕೂರುವವರು ನೋಟರಿ. ನಮ್ಮಲ್ಲಿ ಅಫಿಡವಿಟ್‌ಗೆ ಸೀಲು ಹಾಕಿಕೊಡುವ ನೋಟರಿಗೂ ಇವರಿಗೂ ಸಂಬಂಧವಿಲ್ಲ. ಅಲ್ಲಿ ಇವರು ಕಾನೂನು ಓದಿ, ತರಬೇತಿ ಪಡೆದು, ಸರ್ಕಾರದಿಂದ ನೇಮಕವಾದವರು.

ಜರ್ಮನಿಯಲ್ಲಿ ನೋಟರಿ ಮುಂದೆ ಆಗದ ಆಸ್ತಿ ಕರಾರಿಗೆ ಬೆಲೆಯೇ ಇಲ್ಲ. ಸಾಮಾನ್ಯ ಜನ ವ್ಯಾಪಾರಿಗಳಿಂದ, ಅಂದರೆ ಬಿಲ್ಡರ್‌ಗಳಂಥವರಿಂದ, ಕೊಳ್ಳುವಾಗ ಕರಡು ಎರಡು ವಾರ ಮೊದಲೇ ಕೈಗೆ ಬರಬೇಕು. ಸಹಿಯ ದಿನ ಪೂರ್ತಿ ಗಟ್ಟಿಯಾಗಿ ಓದುತ್ತಾರೆ. ನೋಂದಣಿ ಮುಗಿಯುವವರೆಗೆ ಮಾರುವವರು ಬೇರೆಯವರಿಗೆ ಕೊಡದಂತೆ ದಫ್ತರದಲ್ಲಿ ನಿಮ್ಮ ಪರವಾಗಿ ಒಂದು ತಡೆ ನಮೂದಿಸುತ್ತಾರೆ. ಫ್ರಾನ್ಸಿನಲ್ಲಿ ಮೊದಲ ಕರಾರಾದ ಮೇಲೆ ಕೊಳ್ಳುವವರಿಗೆ 10 ದಿನ ಮನಸ್ಸು ಬದಲಿಸಲು ಅವಕಾಶ ಇದೆ, ಕಾರಣ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಇನ್ನೊಬ್ಬ ವಕೀಲರು ಯಾಕೆ ಅನ್ನಿಸುತ್ತದೆ, ಅಲ್ವಾ? ನೋಟರಿ ತಟಸ್ಥರು. ಕಾನೂನಿನ ಪ್ರಕಾರ ಸರಿಯಿದೆಯಾ ಎಂದು ನೋಡುತ್ತಾರೆ, ನಿಮಗೆ ಲಾಭವಿದೆಯಾ ಎಂದು ನೋಡುವುದಿಲ್ಲ. ದರ ಜಾಸ್ತಿಯಾಯ್ತು, ಈ ಷರತ್ತು ನಿಮ್ಮ ಕುತ್ತಿಗೆಗೆ ಬರುತ್ತೆ, ಸ್ವಲ್ಪ ಜಗ್ಗಾಡಿ ಅಂತ ನಿಮ್ಮ ಪಕ್ಕ ಕೂತು ಹೇಳುವುದು ಅವರ ಕೆಲಸವಲ್ಲ. ಮಾಮೂಲಿ ಮನೆಗೆ ಅದು ಬೇಕಾಗುವುದೂ ಇಲ್ಲ. ವ್ಯವಹಾರ ಸಿಕ್ಕಾಗಿದ್ದರೆ ಅಥವಾ ಆ ಭಾಷೆ ನಿಮಗೆ ಬಾರದಿದ್ದರೆ ಮಾತ್ರ ಸ್ವಂತ ವಕೀಲರನ್ನು ಇಟ್ಟುಕೊಳ್ಳುತ್ತಾರೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಅಥವಾ ಲೈಸೆನ್ಸ್ ಪಡೆದ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕೆಲಸದಲ್ಲಿ ಪಳಗಿದವರು) ಈ ಕೆಲಸ ಮಾಡುತ್ತಾರೆ. ನೀವೇ ಮಾಡಿಕೊಂಡರೂ ಕಾನೂನು ತಡೆಯುವುದಿಲ್ಲ, ಆದರೆ ಸಾಲ ಕೊಡುವ ಬ್ಯಾಂಕ್ ಒಪ್ಪುವುದಿಲ್ಲ. ಸ್ವೀಡನ್ ಇನ್ನೂ ಸರಳ. ಅಲ್ಲಿ ನೋಂದಾಯಿತ ಏಜೆಂಟರೇ ಎರಡೂ ಕಡೆಯವರ ಹಿತ ನೋಡಬೇಕೆಂದು ಕಾನೂನು ಹೇಳುತ್ತದೆ, ಕರಾರು ಬರೆಯುವುದೂ ಅವರೇ.

ಭಾರತದಲ್ಲಿ ಭಾರವೆಲ್ಲ ಕೊಳ್ಳುವವರ ಹೆಗಲಿಗೆ

ಭಾರತದ ಕಾನೂನಿನಲ್ಲಿ ಎಲ್ಲಿಯೂ ಮನೆ ಕೊಳ್ಳಲು ವಕೀಲರು ಕಡ್ಡಾಯ ಎಂದಿಲ್ಲ. ಪತ್ರಬರಹಗಾರರು ಕ್ರಯಪತ್ರ ಬರೆದುಕೊಟ್ಟರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿಯೇ ಬಿಡುತ್ತದೆ. ಹಾಗಾಗಿ ಬೇಡ ಅಂತ ಅನ್ನಿಸುವುದು ಸಹಜ.

ಆದರೆ ಇಲ್ಲಿರುವುದು 1908ರ ನೋಂದಣಿ ಕಾಯ್ದೆ, ಅದು ಪತ್ರದ ನೋಂದಣಿ. ಮಾರುವವರಿಗೆ ಹಕ್ಕಿದೆಯಾ ಎಂದು ನಿರ್ಧರಿಸುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ತಮಿಳುನಾಡಿನ ಒಂದು ನಿಯಮವನ್ನು ರದ್ದು ಮಾಡುವಾಗ, ಬಿಡಿಸಿ ಹೇಳಿತು. ಆಸ್ಟ್ರೇಲಿಯಾದಂತೆ ಸರ್ಕಾರ ಹಕ್ಕಿಗೆ ಹೊಣೆ ನಿಲ್ಲುವುದಿಲ್ಲ. ಅಮೆರಿಕದಂತೆ ಮನೆ ಕೊಳ್ಳುವ ಪ್ರತಿಯೊಬ್ಬರೂ ಟೈಟಲ್ ವಿಮೆ ಮಾಡಿಸುವ ರೂಢಿ ಇಲ್ಲ. ಜರ್ಮನಿಯ ನೋಟರಿಯಂಥವರೂ ಇಲ್ಲ. ಉಳಿದವರು ನೀವೊಬ್ಬರೇ. ನಿಮ್ಮ ಪರವಾಗಿ ಪತ್ರ ಓದುವ ವಕೀಲರಿಗೆ ಇಲ್ಲಿ ಬೆಲೆ ಜಾಸ್ತಿಯಾಗುವುದು ಅದಕ್ಕೇ.

ಇಸಿ ತೆಗೆಸಿದ್ದೀವಲ್ಲ, ಸಾಲದಾ ಎಂದು ಬಹಳ ಜನ ಕೇಳುತ್ತಾರೆ. ಇಸಿ, ಅಂದರೆ ಋಣಭಾರ ಪತ್ರ, ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಉಯಿಲು ಅದರಲ್ಲಿ ಬರುವುದಿಲ್ಲ. ಮನೆಯೊಳಗೇ ಬಾಯಿಮಾತಿನಲ್ಲಿ ಆದ ಪಾಲು ಬರುವುದಿಲ್ಲ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಎತ್ತಿದ ಸಾಲ ಕೆಲವೊಮ್ಮೆ ಕಾಣುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆಯೂ ಕಾಣದೇ ಇರಬಹುದು. ಈ ಕೊನೆಯದು ಬಹಳ ಅಪಾಯದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನ ಪ್ರಕಾರ, ದಾವೆ ನಡೆಯುತ್ತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು, ದಾವೆಯ ವಿಷಯ ಗೊತ್ತೇ ಇರಲಿಲ್ಲ ಎಂದರೂ ಸಾಮಾನ್ಯವಾಗಿ ಬಿಡುವುದಿಲ್ಲ.

ಇನ್ನು ಕುಟುಂಬದ ಆಸ್ತಿ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹುಟ್ಟಿನಿಂದಲೇ ಪಾಲು ಸಿಕ್ಕಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕು ಅಂತೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರುತ್ತಿದ್ದರೆ, ಅಕ್ಕತಂಗಿಯರ ಸಹಿ ಎಲ್ಲಿ ಎಂದು ಕೇಳಬೇಕು. "ಅವರಿಗೆ ಮದುವೆಯಲ್ಲೇ ಕೊಟ್ಟಾಯ್ತು" ಅನ್ನೋದು ಕೋರ್ಟಿನಲ್ಲಿ ನಿಲ್ಲುವ ಉತ್ತರವಲ್ಲ. ವಂಶವೃಕ್ಷ ಹಿಡಿದು ಕೂತು ಯಾರ ಸಹಿ ಬಿಟ್ಟುಹೋಗಿದೆ ಎಂದು ಹುಡುಕುವುದು ಅನುಭವ ಇರುವ ವಕೀಲರಿಗೆ ಒಂದೆರಡು ಗಂಟೆಯ ಕೆಲಸ, ಉಳಿದವರಿಗೆ ಕಾಡು.

ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ, ಅದರ ಮೇಲೆ ಮಾರಾಟ ಅನ್ನುವುದು ಇನ್ನೂ ಕೇಳಿಬರುತ್ತದೆ. ಮಾರಾಟದ ಕರಾರು ಮತ್ತು ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಹಕ್ಕು ಕೈ ಬದಲಾಗುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಎಂದು 2011ರಲ್ಲೇ ತೀರ್ಪಾಗಿದೆ.

ಬ್ಯಾಂಕಿನ ಲಾಯರ್ ನೋಡಿದ್ದಾರಲ್ಲ!

ಅತಿ ಹೆಚ್ಚು ಕೇಳಿಬರುವ ಮಾತು ಇದು. ಸಾಲ ಮಂಜೂರಾಗಿದೆ ಅಂದರೆ ಪತ್ರ ಸರಿಯಿದೆ ಅಂತಲೇ ಅರ್ಥ ತಾನೇ?

ಅರ್ಧ ನಿಜ. ಬ್ಯಾಂಕಿನ ವಕೀಲರು ಪತ್ರ ನೋಡಿರುತ್ತಾರೆ, ದೊಡ್ಡ ತಪ್ಪಿದ್ದರೆ ಹಿಡಿದೂ ಇರುತ್ತಾರೆ. ಆದರೆ ಅವರು ವರದಿ ಕೊಡುವುದು ಬ್ಯಾಂಕಿಗೆ. ನಿಮ್ಮ ಸಾಲ ವಾಪಸು ಬರಬೇಕು ಅನ್ನುವುದು ಬ್ಯಾಂಕಿನ ಚಿಂತೆ. ಮನೆ ಹೋದರೂ ನಿಮ್ಮ ಸಂಬಳದಿಂದ ವಸೂಲಿ ಮಾಡುವ ದಾರಿ ಅದಕ್ಕೆ ಇದೆ. ಬಿಲ್ಡರ್ ತಡ ಮಾಡಿದರೆ ನಿಮಗೆಷ್ಟು ಪರಿಹಾರ, ಪಾರ್ಕಿಂಗ್ ನಿಮ್ಮ ಹೆಸರಿಗೆ ಬರುತ್ತದಾ, ನೀವು ಹಿಂದೆ ಸರಿದರೆ ಅಡ್ವಾನ್ಸ್ ಪೂರ್ತಿ ಮುಳುಗುತ್ತದಾ ಅನ್ನುವುದನ್ನೆಲ್ಲ ಅವರು ನಿಮಗಾಗಿ ಓದುವುದಿಲ್ಲ. ವರದಿಯ ಪ್ರತಿ ಕೇಳಿ ನೋಡಿ. ಎಷ್ಟೋ ಸಲ ಅದು ಕೈಗೇ ಸಿಗುವುದಿಲ್ಲ. ಸಿಕ್ಕರೂ ತಪ್ಪಿದ್ದಾಗ ಆ ವಕೀಲರನ್ನು ಕೇಳುವ ಹಕ್ಕು ನಿಮಗೆ ಇರುವುದು ಕಷ್ಟ, ಅವರಿಗೆ ಕೆಲಸ ಕೊಟ್ಟವರು ನೀವಲ್ಲವಲ್ಲ.

ಬಿಲ್ಡರ್ ತೋರಿಸಿದ ವಕೀಲರ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಜಾರ್ಜಿಯಾದಲ್ಲೂ ಇದೇ ಕಥೆ: ವ್ಯವಹಾರ ಮುಗಿಸಲು ಕೂರುವ ವಕೀಲರು ಸಾಮಾನ್ಯವಾಗಿ ಸಾಲ ಕೊಟ್ಟವರ ಪರ. ಕೋಣೆಯಲ್ಲಿ ಒಬ್ಬ ವಕೀಲರಿದ್ದಾರೆ ಎಂದ ಮಾತ್ರಕ್ಕೆ ಅವರು ನಿಮ್ಮವರು ಅಂತಲ್ಲ.

ಬಿಟ್ಟರೂ ನಡೆಯುವ ಸಂದರ್ಭ ಇದೆಯಾ?

ಇದೆ. ಸರ್ಕಾರವೇ ಹಕ್ಕಿಗೆ ಹೊಣೆಯಾಗಿರುವ ದೇಶದಲ್ಲಿ, ಒಬ್ಬರೇ ಮಾಲೀಕರಿರುವ ಮಾಮೂಲಿ ಫ್ಲಾಟ್ ಕೊಳ್ಳುತ್ತಿದ್ದರೆ, ಪೂರ್ತಿ ವಕೀಲರ ಬದಲು ಲೈಸೆನ್ಸ್ ಇರುವ ಕನ್ವೇಯನ್ಸರ್ ಸಾಕಾಗಬಹುದು. ಅಮೆರಿಕದ ವಕೀಲರು ಕಡ್ಡಾಯವಲ್ಲದ ರಾಜ್ಯದಲ್ಲಿ, ಸಿದ್ಧ ನಮೂನೆಯ ಕರಾರು ಮತ್ತು ಮಾಲೀಕರ ಟೈಟಲ್ ಪಾಲಿಸಿ ಎರಡೂ ಇದ್ದರೆ ಬಹಳ ಮಂದಿ ವಕೀಲರಿಲ್ಲದೆ ಮುಗಿಸುತ್ತಾರೆ.

ಬಿಡಬಾರದ ಸಂದರ್ಭಗಳು ಎಲ್ಲ ದೇಶದಲ್ಲೂ ಹೆಚ್ಚು ಕಡಿಮೆ ಒಂದೇ. ಮಾಲೀಕರು ತೀರಿಕೊಂಡು ವಾರಸುದಾರರು ಮಾರುತ್ತಿರುವುದು, ವಿಚ್ಛೇದನದ ನಡುವೆ ಇರುವ ಮನೆ, ಅಪ್ರಾಪ್ತ ವಯಸ್ಸಿನವರ ಪಾಲು, ಹರಾಜಿನಲ್ಲಿ ಬಂದ ಆಸ್ತಿ, ಅನುಮತಿ ಇಲ್ಲದೆ ಕಟ್ಟಿದ ಭಾಗ, ಒಳಗೆ ಬಾಡಿಗೆದಾರರು, ಬೇರೆಯವರ ಜಾಗದ ಮೂಲಕ ಹೋಗುವ ದಾರಿ, ಬ್ರೋಕರ್ ಇಲ್ಲದೆ ನೇರವಾಗಿ ಆಗುವ ಮಾರಾಟ. ಇನ್ನೂ ಕಟ್ಟದ ಫ್ಲಾಟ್ ಕೂಡ ಈ ಸಾಲಿಗೇ ಸೇರುತ್ತದೆ. ಭಾರತದಲ್ಲಿ ಬಿಲ್ಡರ್‌ಗಳನ್ನು ಹದ್ದುಬಸ್ತಿನಲ್ಲಿಡುವ 2016ರ ರೇರಾ ಕಾಯ್ದೆ ಇಲ್ಲಿ ಒಂದಿಷ್ಟು ಆಸರೆ ಕೊಡುತ್ತದೆ: ಕರಾರು ಬರೆದು ನೋಂದಣಿ ಮಾಡುವ ಮೊದಲು ಬಿಲ್ಡರ್ ಶೇಕಡ 10ಕ್ಕಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಜಮೀನಿನ ಹಕ್ಕಿನಲ್ಲೇ ದೋಷವಿದ್ದು ನಿಮಗೆ ನಷ್ಟವಾದರೆ ಪರಿಹಾರ ಕೊಡಬೇಕು, ಅದನ್ನು ಕೇಳಲು ಕಾಲಮಿತಿಯೂ ಇಲ್ಲ. ಆದರೆ ಪರಿಹಾರ ಕೇಳಿ ಅಲೆಯುವುದಕ್ಕಿಂತ ಮೊದಲೇ ಓದಿಸುವುದು ಸುಲಭ.

ಹೋಗುವುದಾದರೆ ಯಾವಾಗ, ಏನು ಕೇಳಬೇಕು

ಅಡ್ವಾನ್ಸ್ ಕೊಡುವ ಮೊದಲೇ ಹೋಗಿ. ಜನ ಕ್ರಯಪತ್ರದ ಹಿಂದಿನ ದಿನ ಓಡುತ್ತಾರೆ, ಅಷ್ಟು ಹೊತ್ತಿಗೆ ಷರತ್ತುಗಳೆಲ್ಲ ಮೊದಲ ಕರಾರಿನಲ್ಲೇ ಗಂಟುಬಿದ್ದಿರುತ್ತವೆ. ಇಂಗ್ಲೆಂಡಿನಲ್ಲಿ ಸಹಿ ಹಾಕಿದ ಕರಾರುಗಳ ವಿನಿಮಯ ಆಗುವವರೆಗೆ ಎರಡೂ ಕಡೆಯವರು ಹಿಂದೆ ಸರಿಯಬಹುದು, ಆದ ಮೇಲೆ ಕೊಳ್ಳುವವರು ಸರಿದರೆ ಸಾಮಾನ್ಯವಾಗಿ ಶೇಕಡ 10ರಷ್ಟಿರುವ ಮುಂಗಡ ಹೋಗುತ್ತದೆ. ಆ ಗೆರೆ ನಿಮ್ಮ ಊರಲ್ಲಿ ಎಲ್ಲಿದೆ ಎಂದು ವಕೀಲರನ್ನೇ ಮೊದಲು ಕೇಳಿ. ಟೋಕನ್ ಕೊಡಲೇಬೇಕಾಗಿ ಬಂದರೆ, ಪತ್ರ ಸರಿಯಿಲ್ಲದಿದ್ದರೆ ವಾಪಸು ಕೊಡತಕ್ಕದ್ದು ಎಂಬ ಒಂದು ಸಾಲನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.

ಫೀಸು ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅಭಿಪ್ರಾಯ ಬರವಣಿಗೆಯಲ್ಲೇ ಬೇಕು. ಯಾವ ಯಾವ ಪತ್ರ ನೋಡಿದರು, ಎಷ್ಟು ವರ್ಷ ಹಿಂದಕ್ಕೆ ಹೋದರು, ಯಾವುದು ಸಿಗಲಿಲ್ಲ ಎಂದು ಅದರಲ್ಲಿರಬೇಕು. ಜೆರಾಕ್ಸ್ ಮಾತ್ರ ನೋಡಿ ಕೊಟ್ಟ ಅಭಿಪ್ರಾಯ ಜೆರಾಕ್ಸಿನಷ್ಟೇ ಗಟ್ಟಿ, ಮೂಲ ಪತ್ರ ನೋಡಿದ್ದಾರಾ ಎಂದು ಖಚಿತ ಮಾಡಿಕೊಳ್ಳಿ. ದುಡ್ಡು ಕಳಿಸುವ ಖಾತೆಯ ನಂಬರು ಕೊನೆ ಗಳಿಗೆಯಲ್ಲಿ ಇಮೇಲ್‌ನಲ್ಲಿ ಬದಲಾಗಿ ಬಂದರೆ ಕಳಿಸಬೇಡಿ, ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಹಲವು ದೇಶಗಳಲ್ಲಿ ಮನೆ ಕೊಳ್ಳುವವರ ದುಡ್ಡು ಕದಿಯುವುದು ಈಗ ಹೀಗೆಯೇ.

ಒಂದು ಕೆಲಸವನ್ನು ಮಾತ್ರ ವಕೀಲರು ನಿಮಗಾಗಿ ಮಾಡುವುದು ಅಪರೂಪ, ಮನೆಯ ಬಾಗಿಲು ತಟ್ಟುವುದು. ಪತ್ರದಲ್ಲಿ ಒಬ್ಬರ ಹೆಸರಿದ್ದು ಒಳಗೆ ಬೇರೆಯವರು ವಾಸವಿದ್ದರೆ, ಭಾರತದ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಅವರಿಗೆ ಯಾವ ಹಕ್ಕಿದೆಯೋ ಅದು ನಿಮಗೆ ಗೊತ್ತಿತ್ತು ಎಂದೇ ಲೆಕ್ಕ. ಇಂಗ್ಲೆಂಡಿನಲ್ಲೂ ಒಳಗೆ ವಾಸವಿರುವವರ ಕೆಲವು ಹಕ್ಕುಗಳು ರಿಜಿಸ್ಟರಿನಲ್ಲಿ ಇಲ್ಲದಿದ್ದರೂ ಕೊಂಡವರಿಗೆ ಅಂಟುತ್ತವೆ. ಹಾಗಾಗಿ ಬ್ರೋಕರ್ ಜೊತೆಯಲ್ಲಿಲ್ಲದ ಒಂದು ದಿನ ಹೋಗಿ, ಒಳಗಿರುವವರನ್ನೇ ಕೇಳಿ: ನೀವು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆ ಯಾರಿಗೆ ಕೊಡುತ್ತೀರಿ? ಬಂದ ಉತ್ತರವನ್ನು ಬರೆದುಕೊಂಡು ವಕೀಲರಿಗೆ ಕೊಡಿ.